ರೂಟರ್‌ನಲ್ಲಿ 3389 ಪೋರ್ಟ್ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿಸಿ

ದಾವಣಗೆರೆ ಮಂಡಿಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನಾನು ನೋಡುತ್ತೇನೆ. ಟ್ಯಾಲಿ ಇರುವುದು ಅಂಗಡಿಯ ಕಂಪ್ಯೂಟರ್‌ನಲ್ಲಿ, ನಾನಿರುವುದು ಚಿತ್ರದುರ್ಗದಲ್ಲಿ. ಬಸ್ಸಲ್ಲಿ ಓಡಾಡಿ ಸಾಕಾಗಿತ್ತು. ರಿಪೇರಿಗೆ ಬರುವ ಹುಡುಗ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಹಾಕಿಸಿ, ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ (ದೂರದಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸುವ ವಿಂಡೋಸ್ ಸೌಲಭ್ಯ) 3389 ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ನಂಬರಿನ ಬಾಗಿಲು, ತೆರೆದು, "ಇನ್ಮೇಲೆ ಮನೇಲೇ ಕೂತು ಮಾಡಿ ಸರ್" ಅಂದ. ಬರೋದು ಪರದೆಯ ಚಿತ್ರ ಮಾತ್ರ, ಡೇಟಾ ಅಲ್ಲೇ ಇರುತ್ತದೆ, ಭಯ ಯಾಕೆ ಅಂತ ನಾನೂ ಸುಮ್ನೆ ಇದ್ದೆ. ನನ್ನ ಕೀಬೋರ್ಡು, ಮೌಸು ಇಲ್ಲಿಂದ ಅಲ್ಲಿಗೆ ಮುಟ್ಟುತ್ತವೆ ಅಂದರೆ ಇನ್ನೊಬ್ಬರದ್ದೂ ಮುಟ್ಟುತ್ತವೆ ಅಂತ ಹೊಳೆಯಲೇ ಇಲ್ಲ.

ಪಾಸ್‌ವರ್ಡ್ ಹೇಳೋಕೂ ನಾಚಿಕೆ. ಅಂಗಡಿ ಹೆಸರು, ಮುಂದೆ 123.

19ನೇ ತಾರೀಖು, ಜಿಎಸ್‌ಟಿ 3ಬಿ ರಿಟರ್ನ್ ತುಂಬಲು ಒಂದೇ ದಿನ ಬಾಕಿ. ಬೆಳಿಗ್ಗೆ ಯಜಮಾನರ ಫೋನು: "ಏನ್ರೀ, ಟ್ಯಾಲಿ ಓಪನ್ನೇ ಆಗ್ತಿಲ್ಲ!" ಹೋಗಿ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಕಂಡರಿಯದ ಬಾಲ, ಯಾರೋ ಹೊಕ್ಕು ಯಾವುದೂ ತೆರೆಯದಂತೆ ಬೀಗ ಜಡಿದಿದ್ದರು, ಡೆಸ್ಕ್‌ಟಾಪ್ ಮೇಲೆ ಬಿಟ್‌ಕಾಯಿನ್ ಕೇಳುವ ಒಂದು ನೋಟ್‌ಪ್ಯಾಡ್ ಚೀಟಿ. ಬ್ಯಾಕಪ್ ಪೆನ್‌ಡ್ರೈವ್ ವರ್ಷವಿಡೀ ಸಿಪಿಯುಗೇ ಚುಚ್ಚಿಕೊಂಡಿತ್ತಲ್ಲ, ಅದರೊಳಗಿನದ್ದೂ ಹೋಗಿತ್ತು.

ವಿಂಡೋಸ್ ತನ್ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆಗೆದಾಗ ಮೈ ಜುಮ್ಮೆಂದಿತು. ಲಾಗಿನ್ ತಪ್ಪಿದರೆ 4625 ಅಂತ ದಾಖಲಾಗುತ್ತದೆ. ಪುಟ ಜಾರಿಸಿದಷ್ಟೂ ಅದೇ ನಂಬರು, ರಾತ್ರಿ ಮೂರು ಗಂಟೆಗೂ, ಅಡ್ಮಿನ್, ಟೆಸ್ಟ್, ಯೂಸರ್ ಅಂತ ಒಂದೊಂದೇ ಹೆಸರು ಹಿಡಿದು ಬಾಗಿಲು ತಳ್ಳುತ್ತಲೇ ಇದ್ದರು. ಇದನ್ನು ಮಾಡೋದು ಇಡೀ ಇಂಟರ್ನೆಟ್ ಜಾಲಾಡುವ ಪ್ರೋಗ್ರಾಂಗಳು, ಅವಕ್ಕೆ ಸಣ್ಣ ಅಂಗಡಿ ದೊಡ್ಡ ಅಂಗಡಿ ಗೊತ್ತಾಗಲ್ಲ. 3389 ಬಿಟ್ಟು ಬೇರೆ ನಂಬರ್ ಇಟ್ಟರೂ ಹುಡುಕಿಕೊಂಡು ಬರುತ್ತವೆ. ರಿಮೋಟ್ ಡೆಸ್ಕ್‌ಟಾಪ್‌ನಂಥದ್ದೇ ಇನ್ನೊಂದು ವಿಎನ್‌ಸಿ, ಅದನ್ನು ಬಳಸುವವರ 5900 ಪೋರ್ಟಿನ ಕಥೆಯೂ ಇದೇ. ಲಿನಕ್ಸ್‌ನವರು ನಗಬೇಡಿ, 'ಎಕ್ಸ್‌ಹೋಸ್ಟ್ ಪ್ಲಸ್' (ಪರದೆಗೆ ಯಾರು ಬೇಕಾದರೂ ಬರಲಿ ಎನ್ನುವ ಆದೇಶ) ಹೊಡೆದು ಪರದೆಯ 6000 ಪೋರ್ಟ್ ತೆರೆದಿಟ್ಟರೆ ನಿಮ್ಮ ಪರದೆಯೂ ಬೀದಿಗೆ ಬಂದಂತೆ. ಪರದೆ ದೂರಕ್ಕೆ ಬೇಕಿದ್ದರೆ ಎಸ್‌ಎಸ್‌ಎಚ್ ಎಂಬ ಗುಪ್ತ ಸಂಪರ್ಕದ ಒಳಗಿಂದ ತನ್ನಿ.

ದುಡ್ಡು ಕೊಡಲಿಲ್ಲ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು, ಅದರಿಂದ ಫೈಲೇನೂ ವಾಪಸ್ ಬರಲಿಲ್ಲ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡು ತಿಂಗಳ ಹಿಂದಿನ ಬ್ಯಾಕಪ್ ಸಿಕ್ಕಿತು, ಉಳಿದದ್ದನ್ನು ಬಿಲ್ ಪುಸ್ತಕ ನೋಡಿ ಮತ್ತೆ ಕುಟ್ಟಿದೆ. ಹನ್ನೊಂದು ದಿನ, ಮಂಡಕ್ಕಿ ಮೆಣಸಿನಕಾಯಿ ಮೇಲೆ. ರಿಟರ್ನ್ ತಡವಾಗಿ ಲೇಟ್ ಫೀ ಬೇರೆ.

ಈಗ ರೂಟರ್‌ನಲ್ಲಿ ಪೋರ್ಟ್ ತೆರೆದಿಲ್ಲ. ಮೊದಲು ವಿಪಿಎನ್ (ನಮಗಷ್ಟೇ ತೆರೆಯುವ ಗುಪ್ತ ಸಂಪರ್ಕ), ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್. ಐದು ಸಲ ಪಾಸ್‌ವರ್ಡ್ ತಪ್ಪಿದರೆ ಲಾಕ್. ಯಜಮಾನರು ಸಂಜೆ ಬ್ಯಾಕಪ್ ಆದ ತಕ್ಷಣ ಪೆನ್‌ಡ್ರೈವ್ ಕಿತ್ತು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ.