ದಾವಣಗೆರೆಯಿಂದ ಮೂರು ವರ್ಷ: ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳನ್ನು ಬಳಸಿ ಕಂಡಿದ್ದು

ದಾವಣಗೆರೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾಲು ತರೋಕೆ ತಿಂಗಳಿಗೆ ಎರಡು ಸಲ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಲೇಬೇಕು. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ, ಹಾಗಾಗಿ ಆ ಕಡೆಗೂ ಓಡಾಟ ಇದ್ದೇ ಇದೆ. 2023ರ ಶುರುವಿನಲ್ಲಿ ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಮ್ಯಾಕ್ಸ್ ತಗೊಂಡೆ, 40.5 ಯೂನಿಟ್ ಬ್ಯಾಟರಿಯದ್ದು. ಈಗ 58 ಸಾವಿರ ಕಿಲೋಮೀಟರ್ ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಓಡಿದ್ದು. ಕಾರಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ದಾರಿಯಲ್ಲಿರೋ ಚಾರ್ಜರ್‌ಗಳ ಬಗ್ಗೆ ಮಾತ್ರ ಬರೀತೀನಿ. ಈ ಕಾರು ತಗೋಬೇಕೋ ಬೇಡವೋ ಅಂತ ಅಂಗಡಿಗೆ ಬಂದು ಕೇಳೋರೆಲ್ಲ ಕೊನೆಗೆ ಕೇಳೋದು ಅದನ್ನೇ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕಂಪನಿಯ ಕಾಗದದಲ್ಲಿ ಎಷ್ಟೇ ಕಿಲೋಮೀಟರ್ ಬರೆದಿರಲಿ, ಹೆದ್ದಾರಿಯಲ್ಲಿ ಗಂಟೆಗೆ 90ರ ವೇಗದಲ್ಲಿ ಎಸಿ ಹಾಕಿಕೊಂಡು ಹೋದರೆ ನನಗೆ ಸಿಗೋದು ಯೂನಿಟ್ಟಿಗೆ ಸುಮಾರು ಆರೂವರೆ ಕಿಲೋಮೀಟರ್. ಅಂದರೆ ತುಂಬಿದ ಬ್ಯಾಟರಿಗೆ 250ರಿಂದ 260. ದಾವಣಗೆರೆಯಿಂದ ಬೆಂಗಳೂರಿಗೂ ಹತ್ತಿರ ಹತ್ತಿರ 260. ಹಾಗಾಗಿ ದಾರಿಯಲ್ಲಿ ಒಂದು ಸಲ ನಿಲ್ಲಲೇಬೇಕು. ಇನ್ನೊಂದು ವಿಷಯ ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ನಮ್ಮೂರು 600ರ ಆಸುಪಾಸು. ರಸ್ತೆ ನೋಡಿದರೆ ಸಮತಟ್ಟಾಗೇ ಕಾಣುತ್ತೆ. ಆದರೆ ಹೋಗುವಾಗ ಏರು, ಬರುವಾಗ ಇಳಿಜಾರು. ಹೋಗೋದಕ್ಕೂ ಬರೋದಕ್ಕೂ ಹೆಚ್ಚುಕಡಿಮೆ ಮೂರು ಯೂನಿಟ್ ವ್ಯತ್ಯಾಸ ಬೀಳುತ್ತೆ. ಮೂರು ಯೂನಿಟ್ ಅಂದರೆ ಇಪ್ಪತ್ತು ಕಿಲೋಮೀಟರ್, ಸುಮ್ನೆ ಅಲ್ಲ.

ಮನೆಯಲ್ಲಿ ರಾತ್ರಿ ಪೂರ್ತಿ ಚಾರ್ಜ್ ಮಾಡಿಕೊಂಡು ಬೆಳಗ್ಗೆ ಐದಕ್ಕೆ ಹೊರಡುತ್ತೇನೆ. ಹೆಬ್ಬಾಳು ಟೋಲ್, ಚಿತ್ರದುರ್ಗ, ಗುಯಿಲಾಳು ಟೋಲ್, ಹಿರಿಯೂರು. ಅಲ್ಲಿಂದ ಶಿರಾ ಹತ್ತಿರ ಬರೋ ಹೊತ್ತಿಗೆ ನೂರರಲ್ಲಿ ನಲವತ್ತು ಉಳಿದಿರುತ್ತೆ. ಹಿರಿಯೂರು ಮತ್ತು ಶಿರಾ ಮಧ್ಯೆ ಎಲ್ಲಾದರೂ ನಿಂತು, ತಿಂಡಿ ತಿಂದು, 80ರ ತನಕ ತುಂಬಿಸಿಕೊಂಡು ಎದ್ದುಬಿಡುತ್ತೇನೆ. ಅರ್ಧ ಗಂಟೆಯ ಕೆಲಸ. 80 ಆದಮೇಲೆ ಕೂರೋದು ದಂಡ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕಾರೇ ಕರೆಂಟ್ ಎಳೆಯೋದನ್ನು ಕಡಿಮೆ ಮಾಡುತ್ತೆ. ಚೀಲಕ್ಕೆ ಜೋಳ ತುಂಬಿಸುವಾಗ ಬಾಯಿಯ ಹತ್ತಿರ ಬಂದಾಗ ನಿಧಾನ ಮಾಡಲ್ವಾ, ಹಾಗೆ. ಕೊನೆಯ ಇಪ್ಪತ್ತಕ್ಕೆ ಮೊದಲಿನ ನಲವತ್ತಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತೆ. ಹಿಂದೆ ಕಾಯ್ತಾ ಇರೋರು ಇದ್ದರೆ ಅವರಿಗೂ ತೊಂದರೆ.

ಚಾರ್ಜರ್ ಮೇಲೆ 60 ಕಿಲೋವ್ಯಾಟ್, 120 ಕಿಲೋವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಖುಷಿಪಡಬೇಡಿ. ನನ್ನ ಕಾರು 50ಕ್ಕಿಂತ ಜಾಸ್ತಿ ತಗೊಳ್ಳೋದೇ ಇಲ್ಲ, ಪಕ್ಕದಲ್ಲಿ 240ರದ್ದು ಇದ್ದರೂ ಅಷ್ಟೇ. ಅದೂ ಅಲ್ಲದೆ ಒಂದೇ ಮೆಷಿನ್ನಿಗೆ ಎರಡು ಗನ್, ಅಂದರೆ ಕಾರಿಗೆ ಚುಚ್ಚೋ ಪ್ಲಗ್, ಇದ್ದರೆ, ಎರಡನೇ ಕಾರು ಬಂದು ಚುಚ್ಚಿದ ತಕ್ಷಣ ಕರೆಂಟ್ ಇಬ್ಬರಿಗೂ ಹಂಚಿಹೋಗುತ್ತೆ. 60ರದ್ದು ಮೂವತ್ತು ಮೂವತ್ತು ಆಗುತ್ತೆ. ಮೊದಲ ಸಲ ಹೀಗಾದಾಗ ನಾನು ಮೆಷಿನ್ ಕೆಟ್ಟಿದೆ ಅಂದುಕೊಂಡು ಗನ್ ಕಿತ್ತು ಮತ್ತೆ ಹಾಕಿದ್ದೆ. ಮೇ ತಿಂಗಳಲ್ಲಿ ಬ್ಯಾಟರಿಯೂ ಕಾದಿರುತ್ತೆ, ಬಿಸಿಲಿಗೆ ನಿಂತ ಮೆಷಿನ್ನೂ ಕಾದಿರುತ್ತೆ. ಆಗ ಎರಡೂ ನಿಧಾನ. ಮೇಲೆ ತಗಡಿನ ಶೀಟ್ ಹಾಕಿಸಿರೋ ಕಡೆ ಹುಡುಕಿಕೊಂಡು ಹೋಗ್ತೀನಿ.

ಈಗ ಮುಖ್ಯ ವಿಷಯ. ಚಾರ್ಜರ್ ಇದೆ ಅನ್ನೋದು ಬೇರೆ, ಅದು ನಡೀತಿದೆ ಅನ್ನೋದು ಬೇರೆ. ಮೂರು ವರ್ಷದಲ್ಲಿ ನನ್ನನ್ನು ಕಾಡಿದ್ದು ಇದೊಂದೇ. ಬ್ಯಾಟರಿ ಖಾಲಿಯಾಗುತ್ತೆ ಅನ್ನೋ ಭಯ ಆರು ತಿಂಗಳಲ್ಲಿ ಹೋಯಿತು. ಮ್ಯಾಪಿನಲ್ಲಿ ಹಸಿರು ಚುಕ್ಕೆ ಕಂಡ ಕಡೆ ಹೋದರೆ ಪರದೆ ಕಪ್ಪಗೆ ನಿಂತಿರುತ್ತಾ ಅನ್ನೋ ಭಯ ಇವತ್ತಿಗೂ ಇದೆ.

2024ರ ಮೇ ತಿಂಗಳು. ಅವ್ವನನ್ನು ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ವಾಪಸ್ ಬರ್ತಾ ಇದ್ದೆ. ಅಲ್ಲಿ ಪೂರ್ತಿ ಚಾರ್ಜ್ ಮಾಡೋಕೆ ಆಗಿರಲಿಲ್ಲ, 84ರಲ್ಲೇ ಹೊರಟಿದ್ದೆ. ಹಿರಿಯೂರಿನ ಹತ್ತಿರ ಬಂದಾಗ 21 ಇತ್ತು. ಮಧ್ಯಾಹ್ನ ಎರಡೂವರೆ, ಬಿಸಿಲು ಅಂದರೆ ಬಿಸಿಲು. ನಾನು ಲೆಕ್ಕ ಹಾಕಿಕೊಂಡಿದ್ದ ಚಾರ್ಜರ್ ಸತ್ತು ಬಿದ್ದಿತ್ತು. ಆ್ಯಪಿನಲ್ಲಿ ಮಾತ್ರ ಖಾಲಿ ಇದೆ, ಬನ್ನಿ ಅಂತ ತೋರಿಸುತ್ತಾ ಇತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ಹತ್ತು ನಿಮಿಷ ಹಾಡು ಕೇಳಿಸಿ, ಬೇರೆ ಕಡೆ ನೋಡಿ ಸಾರ್ ಅಂದರು. ನಾಲ್ಕು ಕಿಲೋಮೀಟರ್ ಮುಂದೆ ಒಂದು ಡಾಬಾದ ಅಂಗಳದಲ್ಲಿ ಇನ್ನೊಂದು ಕಂಪನಿಯದ್ದು ಇತ್ತು. ಗನ್ ಹಾಕಿದೆ. ಶುರುವಾಯಿತು. ನಲವತ್ತು ಸೆಕೆಂಡಿಗೆ ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ನಾಲ್ಕು ಸಲ. ಪ್ರತಿ ಸಲ ಆ್ಯಪಿನ ವಾಲೆಟ್ಟಿನಿಂದ ನೂರು ರೂಪಾಯಿ ತಡೆಹಿಡಿಯೋದು, ಪರದೆಯಲ್ಲಿ ಲಾಕ್ ಆಗಿಲ್ಲ ಅಂತ ಬರೋದು. ಚಿತ್ರದುರ್ಗ ಇನ್ನೂ 35 ಕಿಲೋಮೀಟರ್. ಹೋಗಬಹುದಿತ್ತು, ಆದರೆ ಅಲ್ಲಿಯದ್ದೂ ಕೆಟ್ಟಿದ್ದರೆ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವ್ವ ಕಾರಿನಲ್ಲಿ ಕೂತಿದ್ದಾರೆ. ನನಗೆ ಕೈಕಾಲೇ ಆಡಲಿಲ್ಲ.

ಡಾಬಾದ ಕಾವಲಿನ ಯಜಮಾನರೊಬ್ಬರು ಎದ್ದು ಬಂದರು. ವಯಸ್ಸು ಅರವತ್ತರ ಮೇಲೆ. ಗನ್ ಕಡೆ ನೋಡಿ, "ಕೇಬಲ್ ಭಾರಕ್ಕೆ ಜೋತು ಬಿದ್ದೈತೆ ಸಾರ್, ಮೇಲಕ್ಕೆ ಎತ್ತಿ ಹಿಡ್ಕಳಿ" ಅಂದರು. ಎರಡೂ ಕೈಯಲ್ಲಿ ಎತ್ತಿ, ಕಾರಿನ ಕಡೆ ಒತ್ತಿ ಹಿಡಿದೆ. ಒಳಗೆ ಟಕ್ ಅಂತ ಪಿನ್ನು ಕೂತ ಸದ್ದು ಕೇಳಿಸಿತು. ಫ್ಯಾನ್ ತಿರುಗಿತು, ಅಂಕಿ ಏರತೊಡಗಿತು. ನಾನು ಕೈ ಬಿಟ್ಟರೆ ಮತ್ತೆ ನಿಲ್ಲುತ್ತೇನೋ ಅಂತ ಹಾಗೇ ಹಿಡಿದುಕೊಂಡು ನಿಂತಿದ್ದೆ. ಆ ಯಜಮಾನರು ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು, ಕೇಬಲ್ ಕೆಳಗೆ ತೂರಿಸಿ, ಮೆಷಿನ್ನಿನ ಪಕ್ಕದ ಕೊಕ್ಕೆಗೆ ಬಿಗಿದು ಕಟ್ಟಿದರು. "ಈಗ ಬಿಡಿ" ಅಂದರು. ಅವ್ವನನ್ನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿ ಮಡಕೆಯ ನೀರು ಕೊಟ್ಟರು. ದುಡ್ಡು ಕೊಡೋಕೆ ಹೋದರೆ ಬೇಡವೇ ಬೇಡ ಅಂದರು.

ಅವತ್ತಿನಿಂದ ನಾನು ಚಾರ್ಜರ್ ಆರಿಸೋ ರೀತಿಯೇ ಬೇರೆಯಾಯಿತು. ಮೊದಲು ನೋಡೋದು ಅಲ್ಲಿ ಮನುಷ್ಯರು ಇದ್ದಾರಾ ಅಂತ. ಹೋಟೆಲ್, ಡಾಬಾ, ಪೆಟ್ರೋಲ್ ಬಂಕ್ ಆದರೆ ಯಾರಾದರೂ ಇರುತ್ತಾರೆ. ಖಾಲಿ ಸೈಟಿನಲ್ಲಿ ಒಂಟಿಯಾಗಿ ನಿಲ್ಲಿಸಿದ ಮೆಷಿನ್ ಎಷ್ಟೇ ದೊಡ್ಡದಿರಲಿ, ನನಗೆ ಬೇಡ. ಎರಡನೆಯದು, ಅಲ್ಲಿ ಎರಡು ಮೆಷಿನ್ ಇದೆಯಾ ಅಂತ. ಎರಡು ಗನ್ ಅಲ್ಲ, ಎರಡು ಮೆಷಿನ್. ಮೂರನೆಯದಾಗಿ ಪ್ಲಗ್‌ಶೇರ್ ಆ್ಯಪಿನಲ್ಲಿ ಈ ವಾರದಲ್ಲಿ ಯಾರಾದರೂ ಅಲ್ಲಿ ಚಾರ್ಜ್ ಮಾಡಿದ್ದಾರಾ ಅಂತ ನೋಡುತ್ತೇನೆ. ಕಂಪನಿಯ ಆ್ಯಪಿನ ಹಸಿರು ಬಣ್ಣಕ್ಕಿಂತ ಇನ್ನೊಬ್ಬ ಚಾಲಕ ನಿನ್ನೆ ಬರೆದ ಒಂದು ಸಾಲು ನನಗೆ ನಂಬಿಕೆ. ಮತ್ತೆ, ಯಾವ ಚಾರ್ಜರ್ ಹತ್ತಿರ ಹೋದರೂ ಅದರ ಮುಂದಿನದಕ್ಕೆ ಮುಟ್ಟುವಷ್ಟು ಉಳಿಸಿಕೊಂಡೇ ಹೋಗ್ತೀನಿ. ನಮ್ಮ ದಾರಿಯಲ್ಲಿ 25ಕ್ಕಿಂತ ಕೆಳಗೆ ಇಳಿಸೋದಿಲ್ಲ.

ಕೆಟ್ಟಿದೆ ಅಂತ ಬಿಟ್ಟು ಹೋಗೋ ಮೆಷಿನ್ನುಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರೋದೇ ಇಲ್ಲ. ಮುಂಭಾಗದಲ್ಲಿ ಒಂದು ಕೆಂಪು ಎಮರ್ಜೆನ್ಸಿ ಬಟನ್ ಇರುತ್ತೆ. ಯಾರೋ ಮಕ್ಕಳು ಒತ್ತಿ ಹೋಗಿರ್ತಾರೆ. ಅದನ್ನು ಬಾಣದ ಗುರುತಿನ ಕಡೆ ತಿರುಗಿಸಿದರೆ ಹೊರಗೆ ಬರುತ್ತೆ, ಎರಡು ನಿಮಿಷದಲ್ಲಿ ಮೆಷಿನ್ ಎದ್ದೇಳುತ್ತೆ. ಸುಟ್ಟ ವಾಸನೆ, ಹೊಗೆ, ಹರಿದ ವೈರ್ ಇದ್ದರೆ ಮಾತ್ರ ಮುಟ್ಟಬೇಡಿ. ಇನ್ನು ಕೆಲವು ಸಲ ಮೆಷಿನ್ ಒಳಗಿನ ಸಿಮ್‌ಗೆ ಸಿಗ್ನಲ್ ಇರಲ್ಲ. ಕರೆಂಟ್ ಇದೆ, ಗನ್ ಇದೆ, ಆದರೆ ಆ್ಯಪಿಗೂ ಮೆಷಿನ್ನಿಗೂ ಮಾತುಕತೆ ಇಲ್ಲ. ಅಂಥ ಹೊತ್ತಿಗೆ ಆ ಕಂಪನಿಯ ಕಾರ್ಡ್ ಇದ್ದರೆ ಕೆಲವು ಕಡೆ ಮುಟ್ಟಿಸಿದರೆ ಸಾಕು. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೆಷಿನ್ ನಿಲ್ಲುತ್ತೆ. ಡಾಬಾದಲ್ಲಿ ಲೈಟ್ ಉರೀತಿದೆಯಲ್ಲ ಅಂತ ನಾವು ಅಂದುಕೊಳ್ತೀವಿ. ಅಂಗಡಿಗಳ ಲೈಟಿಗೆ ಒಂದೇ ಫೇಸ್ ಸಾಕು.

ನಮ್ಮ ರಾಜ್ಯ 2017ರಲ್ಲೇ ಎಲೆಕ್ಟ್ರಿಕ್ ವಾಹನದ ನೀತಿ ತಂದಿತು, ದೇಶದಲ್ಲೇ ಮೊದಲು. ಚಾರ್ಜರ್ ಹಾಕೋಕೆ ಲೈಸೆನ್ಸ್ ಬೇಡ ಅಂತ 2018ರಲ್ಲಿ ಕೇಂದ್ರವೇ ಹೇಳಿದ್ದರಿಂದ ಹೋಟೆಲಿನವರೂ ಹಾಕಿಸಿಕೊಂಡರು. ಈಗಿನ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್‌ಗೇ 2,000 ಕೋಟಿ ಇಟ್ಟಿದ್ದಾರೆ. ಒಳ್ಳೆಯದೇ. ನಾನು ಕೇಳೋದು ಒಂದೇ. ಹೊಸದನ್ನು ನೆಡೋ ದುಡ್ಡಿನಲ್ಲಿ ಸ್ವಲ್ಪ ಇರೋದನ್ನು ನೋಡಿಕೊಳ್ಳೋಕೆ ಇಡಿ. ಮೆಷಿನ್ ಕೆಟ್ಟ ದಿನ ಬಂದು ರಿಪೇರಿ ಮಾಡೋ ಹುಡುಗ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಇರಲಿ, ಬೆಂಗಳೂರಿನಿಂದ ಬರೋದು ಬೇಡ.

ಹುಬ್ಬಳ್ಳಿ ದಾರಿಯ ಕಥೆ ಬೇರೆ. ಒಂದು ಕಡೆಗೆ ಸುಮಾರು 150 ಕಿಲೋಮೀಟರ್, ಹೋಗಿ ಬರೋಕೆ ದಾರಿಯಲ್ಲಿ ಒಂದು ಸಲ ಚಾರ್ಜ್. ಮಗಳ ಮನೆಯಲ್ಲೇ ರಾತ್ರಿ ಸಾಕೆಟ್ಟಿಗೆ ಹಾಕಿದರೆ ಅದೂ ಬೇಡ. ಆದರೆ ಆಷಾಢದಲ್ಲಿ ಜೋಪಾನ. ಪಡುವಣ ಗಾಳಿ ಮುಖಕ್ಕೇ ಹೊಡೆಯುತ್ತೆ. ಬೆಂಗಳೂರಿನಿಂದ ಬರುವಾಗಲೂ ಅಷ್ಟೇ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಆಗ ಪಡುವಣಕ್ಕೆ ಮುಖ ಮಾಡಿ ತಿರುಗ್ತಾ ಇರ್ತಾವೆ. ಅದನ್ನು ಕಂಡರೆ ನನಗೆ ಗೊತ್ತಾಗಿಬಿಡುತ್ತೆ, ಇವತ್ತು ಯೂನಿಟ್ಟಿಗೆ ಐದೂವರೆ ಮೀರಲ್ಲ ಅಂತ. ವೇಗ 80ಕ್ಕೆ ಇಳಿಸುತ್ತೇನೆ.

ಖರ್ಚು. ಮನೆಯಲ್ಲಿ ನನ್ನ ಬಿಲ್ಲಿನ ಪ್ರಕಾರ ಯೂನಿಟ್ಟಿಗೆ ಏಳು ರೂಪಾಯಿ ಬೀಳುತ್ತೆ. ಹೊರಗೆ 20 ರೂಪಾಯಿ ಅಂತ ಬೋರ್ಡ್ ಇದ್ದರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 23 ರೂಪಾಯಿ 60 ಪೈಸೆ. ಬೆಂಗಳೂರಿಗೆ ಹೋಗಿ ಬರೋಕೆ ಎಲ್ಲ ಸೇರಿ 1,300ರಿಂದ 1,400. ಹಳೇ ಪೆಟ್ರೋಲ್ ಕಾರಿನಲ್ಲಿ ಅದೇ ದಾರಿಗೆ 3,500 ಆಗ್ತಿತ್ತು. ಬೇಜಾರು ಅಂದರೆ ವಾಲೆಟ್. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ಇನ್ನೂರು ಮುನ್ನೂರು ಸಿಕ್ಕಿಹಾಕಿಕೊಂಡಿದೆ. ಅವತ್ತು ಹಿರಿಯೂರಿನಲ್ಲಿ ತಡೆಹಿಡಿದ ನಾನೂರು ವಾಪಸ್ ಬರೋಕೆ ಹನ್ನೆರಡು ದಿನ ಹಿಡಿಯಿತು. ಬಂಕಿನಲ್ಲಿ ಮಾಡೋ ಹಾಗೆ ಯುಪಿಐ ಸ್ಕ್ಯಾನ್ ಮಾಡಿ ಹೋಗೋ ಹಾಗಾಗಬೇಕು. ಕೆಲವು ಕಡೆ ಆಗಿದೆ, ಎಲ್ಲ ಕಡೆ ಆಗಲಿ.

ಇನ್ನೊಂದು ಮಾತು ಹೇಳಲೇಬೇಕು. ಮಗಳು ಒಂದು ಸಲ ಒಬ್ಬಳೇ ಬರ್ತಾ, ರಾತ್ರಿ ಎಂಟಕ್ಕೆ ರಾಣೇಬೆನ್ನೂರು ದಾಟಿ ಒಂದು ಕಡೆ ನಿಂತಿದ್ದಳು. ಚಾರ್ಜರ್ ಚೆನ್ನಾಗೇ ನಡೆಯಿತು. ಆದರೆ ಲೈಟ್ ಇರಲಿಲ್ಲ, ಬಾತ್‌ರೂಮಿಗೆ ಬೀಗ. ಅರ್ಧ ಗಂಟೆ ಬಾಗಿಲು ಲಾಕ್ ಮಾಡಿಕೊಂಡು ನನ್ನ ಹತ್ತಿರ ಫೋನಿನಲ್ಲೇ ಇದ್ದಳು. ಪೆಟ್ರೋಲ್ ಹಾಕಿಸೋಕೆ ಐದು ನಿಮಿಷ ಸಾಕು, ಇಲ್ಲಿ ಅರ್ಧ ಗಂಟೆ ಕೂರಬೇಕು. ಹಾಗಿರುವಾಗ ಒಂದು ಲೈಟು, ಒಂದು ಬಾತ್‌ರೂಮು ಚಾರ್ಜರ್‌ನಷ್ಟೇ ಮುಖ್ಯ ಅಲ್ವಾ?

ಚಾರ್ಜರ್ ಜಾಗದಲ್ಲಿ ಬೇರೆ ಕಾರು ನಿಲ್ಲಿಸಿರೋದು ಮೊದಲಿಗಿಂತ ಕಡಿಮೆಯಾಗಿದೆ. "ಅಣ್ಣಾ, ಸ್ವಲ್ಪ ಗಾಡಿ ತೆಗೀತೀರಾ, ಚಾರ್ಜಿಗೆ ಹಾಕಬೇಕಿತ್ತು" ಅಂದರೆ ನಮ್ಮ ಕಡೆ ಜನ ತೆಗೀತಾರೆ. ನಾವು ಇವಿ ಓಡಿಸೋರೇ ಗನ್ ಹಾಕಿಟ್ಟು ಊಟಕ್ಕೆ ಹೋಗಿ ಒಂದು ಗಂಟೆ ಬರದೇ ಇರೋದು ಹೆಚ್ಚು ತಪ್ಪು. ಗಾಜಿನ ಹಿಂದೆ ಫೋನ್ ನಂಬರ್ ಬರೆದಿಡಿ, ಸಾಕು.

ಐದಕ್ಕೆ ಎಷ್ಟು ಅಂತ ಕೇಳಿದರೆ ಬೆಂಗಳೂರು ದಾರಿಗೆ ನಾಲ್ಕು, ಹುಬ್ಬಳ್ಳಿ ದಾರಿಗೆ ಮೂರೂವರೆ ಕೊಡ್ತೀನಿ. ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗೆ ಇಳಿದರೆ ಎರಡು. ಮನೆಯಲ್ಲಿ ಚಾರ್ಜ್ ಮಾಡೋ ಅನುಕೂಲ ಇಲ್ಲದವರು ಹೊರಗಿನದನ್ನೇ ನಂಬಿ ಕಾರು ತಗೋಬೇಡಿ ಅಂತಲೇ ಹೇಳ್ತೀನಿ.

ಆ ಡಾಬಾಗೆ ಮುಂದಿನ ತಿಂಗಳೇ ಹೋಗಿದ್ದೆ. ಅಂಗಡಿಯಿಂದ ದಪ್ಪ ಕ್ಯಾನ್ವಾಸ್ ಬಟ್ಟೆಯ ಪಟ್ಟಿ ಕತ್ತರಿಸಿ, ಎರಡು ತುದಿಗೂ ಮಡಿಕೆ ಹೊಲಿಸಿ, ಜೊತೆಗೆ ಒಂದು ಹೊಸ ಟವೆಲ್ ತಗೊಂಡು ಹೋಗಿ ಯಜಮಾನರಿಗೆ ಕೊಟ್ಟೆ. ಟವೆಲ್ ಇಸ್ಕೊಂಡು ಹೆಗಲಿಗೆ ಹಾಕಿಕೊಂಡರು. ಪಟ್ಟಿಯನ್ನು ಅಲ್ಲೇ ನನ್ನ ಮುಂದೆಯೇ ಕೊಕ್ಕೆಗೆ ಕಟ್ಟಿದರು. ಕಳೆದ ವಾರ ಹೋದಾಗ ತಮಿಳುನಾಡು ನಂಬರಿನ ಕಾರೊಂದು ಚಾರ್ಜ್ ಆಗ್ತಾ ಇತ್ತು. ಬಿಸಿಲಿಗೆ ಪಟ್ಟಿಯ ಬಣ್ಣ ಹೋಗಿದೆ, ಕೇಬಲ್ ಅದರಲ್ಲೇ ತೂಗಿಕೊಂಡಿತ್ತು.