ಲಿಬ್ರೆಕ್ಯಾಡ್: ಪರದೆಯಲ್ಲಿ ಅಳತೆ ಸರಿ, ಕಾಗದದಲ್ಲಿ ಯಾಕೆ ತಪ್ಪು?

ಮನೆ ಪ್ಲಾನು ಬರೆಯುವವರಿಗೆ ಲಿಬ್ರೆಕ್ಯಾಡ್ ಅನ್ನುವ ನಕ್ಷೆ ತಂತ್ರಾಂಶ ಸಾಕಾ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಹಲವು ವರ್ಷಗಳಿಂದ ಇದರಲ್ಲೇ ದಿನದ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಸಾಕು. ಆದರೆ ಯೂನಿಟ್ಟು, ಸ್ಕೇಲು, ಕಾಗದ ಈ ಮೂರರ ಲೆಕ್ಕವನ್ನು ನೀವೇ ಇಟ್ಟುಕೊಳ್ಳಬೇಕು, ತಂತ್ರಾಂಶ ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ಬೈದು ಬಿಟ್ಟುಹೋದವರ ಜೊತೆ ಕೂತು ಕೇಳಿದರೆ, ಗೆರೆ ಎಳೆಯೋಕೆ ಯಾರಿಗೂ ತೊಂದರೆ ಆಗಿರುವುದಿಲ್ಲ. ತಕರಾರು ಶುರುವಾಗುವುದು ಡೈಮೆನ್ಷನ್, ಅಂದರೆ ಗೆರೆಯ ಪಕ್ಕ ಅಳತೆಯ ಸಂಖ್ಯೆ, ಹಾಕುವಾಗ, ಇಲ್ಲವೇ ಪ್ರಿಂಟ್ ಕೊಡುವಾಗ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಪೂರ್ತಿ ಉಚಿತ, ಜಿಪಿಎಲ್ ಪರವಾನಗಿಯದು. ಕ್ಯೂಕ್ಯಾಡ್‌ನ ಕಮ್ಯುನಿಟಿ ಆವೃತ್ತಿಯಿಂದ ಕವಲೊಡೆದು ಬಂದದ್ದು, ಮೊದಲು ಇದರ ಹೆಸರು ಕ್ಯಾಡುಂಟು ಅಂತಿತ್ತು. 2ಡಿ ಮಾತ್ರ, 3ಡಿ ಬೇಕಾದವರು ಇಲ್ಲಿಗೇ ಓದು ನಿಲ್ಲಿಸಬಹುದು. ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಉಳಿಸುವುದು ಡಿಎಕ್ಸ್‌ಎಫ್‌ನಲ್ಲಿ, ಬೇರೆ ಕ್ಯಾಡ್ ತಂತ್ರಾಂಶಗಳೂ ಓದಬಲ್ಲ ಫೈಲ್ ಮಾದರಿ ಅದು. ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಫೈಲನ್ನು ಅಷ್ಟೋ ಇಷ್ಟೋ ಓದುತ್ತದೆ, ನೆಚ್ಚಿಕೊಳ್ಳುವ ಹಾಗಿಲ್ಲ. ನಾನಂತೂ ಓಡಿಎ ಫೈಲ್ ಕನ್ವರ್ಟರ್‌ನಲ್ಲಿ ಮೊದಲು ಡಿಎಕ್ಸ್‌ಎಫ್ ಮಾಡಿಕೊಂಡೇ ತೆರೆಯುತ್ತೇನೆ, ಅದೂ ಉಚಿತವೇ.

ಈಗ ಯೂನಿಟ್ಟಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಉಳಿದ ಮುಕ್ಕಾಲು ತೊಂದರೆಗಳ ಬೇರು ಇಲ್ಲೇ ಇದೆ.

ಕರೆಂಟ್ ಡ್ರಾಯಿಂಗ್ ಪ್ರಿಫರೆನ್ಸಸ್‌ನಲ್ಲಿ ಯೂನಿಟ್ಸ್ ಅಂತ ಒಂದು ಪುಟ ಇದೆ. ಅಲ್ಲಿ ಇಂಚನ್ನು ಮಿಲಿಮೀಟರ್ ಅಂತ ಬದಲಾಯಿಸಿದರೆ ಡ್ರಾಯಿಂಗ್ ಬದಲಾಗುವುದಿಲ್ಲ. 360 ಇದ್ದದ್ದು 360 ಆಗಿಯೇ ಉಳಿಯುತ್ತದೆ, ಮೇಲಿನ ಚೀಟಿ ಮಾತ್ರ ಬದಲಾಗುತ್ತದೆ. ಹಾಗಾದರೆ ಚೀಟಿಯಿಂದ ಏನು ಕೆಲಸ? ಪ್ರಿಂಟ್ ಮಾಡುವಾಗ, ಮತ್ತು ಬೇರೆ ಫೈಲಿನಿಂದ ಏನನ್ನಾದರೂ ತಂದು ಪೇಸ್ಟ್ ಮಾಡುವಾಗ, ತಂತ್ರಾಂಶ ಆ ಚೀಟಿಯನ್ನೇ ನಂಬುತ್ತದೆ. ಇಂಚಿನಲ್ಲಿ ಬರೆದ 30–40ರ ಸೈಟಿನ ಮೇಲೆ ಮಿಲಿಮೀಟರ್ ಅಂತ ಚೀಟಿ ಇತ್ತು ಅಂತಿಟ್ಟುಕೊಳ್ಳಿ. 360 ಇಂಚು, 480 ಇಂಚು ಇರಬೇಕಾದದ್ದು 360 ಮಿಮೀ, 480 ಮಿಮೀ ಆಯಿತು. ಅದನ್ನು 1:100ಕ್ಕೆ ಪ್ರಿಂಟ್ ಕೊಟ್ಟರೆ ಕಾಗದದ ಮೇಲೆ ಇಡೀ ಸೈಟು 3.6 ಮಿಮೀ ಅಗಲ, 4.8 ಮಿಮೀ ಉದ್ದ. ತೊಗರಿಬೇಳೆ ಗಾತ್ರದ ಮನೆ! ಇದರ ಉಲ್ಟಾ ಆದರೆ, ಅಂದರೆ ಮಿಮೀಯಲ್ಲಿ ಬರೆದು ಇಂಚಿನ ಚೀಟಿ ಹಚ್ಚಿದ್ದರೆ, 30 ಅಡಿಯ ಗೋಡೆಯೊಂದಕ್ಕೇ 2.3 ಮೀಟರ್ ಕಾಗದ ಬೇಕು. ಯೂನಿಟ್ಟು 'ನನ್' (None, ಯಾವುದೂ ಇಲ್ಲ) ಅಂತ ಇದ್ದರೆ ಅದನ್ನು ಮಿಲಿಮೀಟರ್ ಅಂತಲೇ ಲೆಕ್ಕ ಹಿಡಿಯುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಳೇ ಆರ್12 ಡಿಎಕ್ಸ್‌ಎಫ್‌ನಲ್ಲಿ ಯೂನಿಟ್ ಹೇಳುವ ಜಾಗವೇ ಇಲ್ಲ, ಅಂಥ ಫೈಲ್ ಬಂದರೆ ಚೀಟಿ ಹಚ್ಚುವ ಕೆಲಸ ನಿಮ್ಮದೇ.

ಬೇರೆಯವರ ಫೈಲ್ ತೆರೆದ ಕೂಡಲೇ ನಾನು ಮಾಡುವುದು ಒಂದೇ ಕೆಲಸ. ಮುಂಬಾಗಿಲು ಹುಡುಕಿ ಅಳೆಯುತ್ತೇನೆ. ಇನ್‌ಫೋ ಮೆನುವಿನಲ್ಲಿ ಎರಡು ಬಿಂದುಗಳ ದೂರ ಅಳೆಯುವ ಆಯ್ಕೆ ಇದೆ. 3 ಅಡಿ ಬಾಗಿಲು 36 ಅಂತ ತೋರಿಸಿದರೆ ಇಂಚು. 914.4 ಬಂದರೆ ಮಿಲಿಮೀಟರ್. 0.9144 ಬಂದರೆ ಮೀಟರ್. ಬರೀ 3 ಬಂದರೆ ಅಡಿ. ಈ ನಾಲ್ಕರಲ್ಲಿ ಯಾವುದೂ ಅಲ್ಲದ ಸಂಖ್ಯೆ ಬಂತು ಅನ್ನಿ, ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿ ನೋಡಿ. ಉತ್ತರ 25.4 ಬಂದರೆ ಇಂಚು–ಮಿಮೀ ಗೊಂದಲ, 12 ಬಂದರೆ ಅಡಿ–ಇಂಚು, 304.8 ಬಂದರೆ ಅಡಿ–ಮಿಮೀ, 3.28 ಬಂದರೆ ಮೀಟರ್–ಅಡಿ. 1.3, 0.87 ಥರದ್ದು ಬಂದರೆ ಯಾರೋ ಪಿಡಿಎಫ್ ಅಥವಾ ಫೋಟೋ ಇಟ್ಟು ಅದರ ಮೇಲೆ ಗೆರೆ ಎಳೆದಿದ್ದಾರೆ ಅಂತ ಅನುಮಾನ ಪಡಿ. ಒಂದೇ ಗೋಡೆ ನೋಡಿ ಸ್ಕೇಲ್ ಸರಿಮಾಡಲು ಹೋಗಬೇಡಿ, ಅಡ್ಡ ಒಂದು ಉದ್ದ ಒಂದು ಎರಡೂ ಅಳೆಯಿರಿ, ಫೋಟೋ ಒಂದು ಕಡೆಗೆ ಎಳೆದು ಹೋಗಿರುತ್ತದೆ.

ನಮ್ಮ ಕಡೆ ಮೇಸ್ತ್ರಿಗೆ ಅಡಿ–ಇಂಚು ಬೇಕು, ಮಂಜೂರಾತಿಗೆ ಕೊಡುವ ನಕ್ಷೆಯಲ್ಲಿ ಮೀಟರ್ ಬೇಕು. ಇದಕ್ಕೆ ಎರಡು ಫೈಲ್ ಇಟ್ಟುಕೊಂಡು ಒದ್ದಾಡುವವರನ್ನು ನೋಡಿದ್ದೇನೆ. ಬೇಕಾಗಿಲ್ಲ. ಇಂಚಿನಲ್ಲಿ ಬರೆಯಿರಿ, ಯೂನಿಟ್ ಇಂಚು ಅಂತಲೇ ಇರಲಿ, ಡೈಮೆನ್ಷನ್ ಆರ್ಕಿಟೆಕ್ಚರಲ್ ಮಾದರಿಯಲ್ಲಿ ಇಟ್ಟರೆ 30'-0" ಅಂತ ಬರುತ್ತದೆ. ಮೀಟರ್ ಪ್ರತಿ ಬೇಕಾದಾಗ ಡೈಮೆನ್ಷನ್ ಪುಟದಲ್ಲಿ ಲೆಂತ್ ಫ್ಯಾಕ್ಟರ್ (ತೋರಿಸುವ ಅಳತೆಯನ್ನು ಗುಣಿಸುವ ಸಂಖ್ಯೆ) 0.0254 ಮಾಡಿ, ಮಾದರಿಯನ್ನು ಡೆಸಿಮಲ್‌ಗೆ ತನ್ನಿ. ಅದೇ ಗೋಡೆ 9.14 ಅಂತ ಓದುತ್ತದೆ, ಒಂದು ಗೆರೆಯೂ ಅಲುಗುವುದಿಲ್ಲ. ಪ್ರಿಂಟ್ ಆದಮೇಲೆ ಫ್ಯಾಕ್ಟರ್ ವಾಪಸ್ 1. ಆರ್ಕಿಟೆಕ್ಚರಲ್ ಮಾದರಿಗೆ ಡ್ರಾಯಿಂಗ್ ಇಂಚಿನಲ್ಲೇ ಇರಬೇಕು ಅನ್ನುವುದು ನೆನಪಿರಲಿ. ಅಡಿಯಲ್ಲಿ ಬರೆದು ಈ ಮಾದರಿ ಆರಿಸಿದರೆ 30 ಅಡಿ ಅನ್ನುವುದು 2'-6" ಆಗಿಬಿಡುತ್ತದೆ, 30ನ್ನು ಇಂಚು ಅಂದುಕೊಂಡು 12ರಿಂದ ಭಾಗಿಸುತ್ತದೆ ಅಲ್ವಾ.

"ಡೈಮೆನ್ಷನ್ ಹಾಕಿದೆ, ಏನೂ ಕಾಣ್ತಿಲ್ಲ" ಅನ್ನುವುದು ಹೊಸಬರ ಖಾಯಂ ದೂರು. ಇದೆ ಸ್ವಾಮಿ, ಅಲ್ಲೇ ಇದೆ, ಝೂಮ್ ಮಾಡಿ ನೋಡಿ. ಅಕ್ಷರದ ಎತ್ತರ 2.5 ಅಂತ ಇರುತ್ತದೆ, ಅದು ಕಾಗದದ ಮೇಲಿನ 2.5 ಮಿಮೀ ಅಲ್ಲ, ಡ್ರಾಯಿಂಗಿನೊಳಗಿನ 2.5. ಒಂಬತ್ತು ಸಾವಿರ ಮಿಮೀ ಗೋಡೆಯ ಪಕ್ಕ ಅದು ಎಲ್ಲಿ ಕಾಣಬೇಕು? ಪ್ರತಿಯೊಂದರ ಎತ್ತರ ಬದಲಾಯಿಸುತ್ತಾ ಕೂರಬೇಡಿ. ಜನರಲ್ ಸ್ಕೇಲ್ ಅನ್ನುವ ಒಂದು ಸಂಖ್ಯೆ ಇದೆ. ಮಿಮೀ ಡ್ರಾಯಿಂಗ್, 1:100 ಪ್ರಿಂಟ್ ಆದರೆ ಅಲ್ಲಿ 100 ಹಾಕಿ. ಅಕ್ಷರ, ಬಾಣ, ಗೆರೆಯ ಅಂತರ ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತವೆ, ಕಾಗದದ ಮೇಲೆ ಅಕ್ಷರ 2.5 ಮಿಮೀ ಬರುತ್ತದೆ. ಮೀಟರ್ ಡ್ರಾಯಿಂಗ್ ಆದರೆ ಅದೇ 1:100ಕ್ಕೆ 0.1. ಇಂಚಿನಲ್ಲಾದರೆ ಅಕ್ಷರದ ಎತ್ತರವನ್ನೇ 0.1 ಮಾಡಿ ಜನರಲ್ ಸ್ಕೇಲ್ 100 ಇಡಿ, ಹತ್ತಿರತ್ತಿರ 2.5 ಮಿಮೀಯೇ ಸಿಗುತ್ತದೆ. ಬಾಣದ ಬದಲು ಓರೆ ಗೀಟು ಇಷ್ಟಪಡುವವರಿಗೆ ಟಿಕ್ ಸೈಜ್ ಇದೆ, ಸೊನ್ನೆ ಬಿಟ್ಟು ಏನಾದರೂ ಕೊಟ್ಟರೆ ಬಾಣ ಹೋಗಿ ಗೀಟು ಬರುತ್ತದೆ.

ಪ್ರಿಂಟ್ ಪ್ರಿವ್ಯೂ ನನಗೆ ಇಷ್ಟವಾದ ಭಾಗ. ಕಾಗದ ಬಿಳಿಯಾಗಿ ಕಾಣುತ್ತದೆ, ಡ್ರಾಯಿಂಗನ್ನು ಎಳೆದು ಕೂರಿಸಬಹುದು, ಮೇಲೆ ಸ್ಕೇಲಿನ ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದನ್ನು ಟೈಪ್ ಮಾಡಲೂಬಹುದು. ಪಕ್ಕದಲ್ಲೇ ಇರುವ ಫಿಟ್ ಟು ಪೇಜ್ ಗುಂಡಿಯಿಂದ ಮಾತ್ರ ದೂರ ಇರಿ. ಅದನ್ನು ಒತ್ತಿದರೆ ಪುಟ ತುಂಬ ಚಂದವಾಗಿ ಕೂರುತ್ತದೆ, ಸ್ಕೇಲು 1:83 ಅಂತ ಏನೋ ಒಂದು ಆಗಿರುತ್ತದೆ, ಅಳೆಯೋಕೆ ಇಟ್ಟುಕೊಳ್ಳುವ ಯಾವ ಸ್ಕೇಲಿನ ಮೇಲೂ ಆ ಅಳತೆ ಇರುವುದಿಲ್ಲ. ಗೋಡೆಗೆ ಅಂಟಿಸುವ ಚಿತ್ರಕ್ಕಾದರೆ ಆಗಬಹುದು.

ಇನ್ನೊಂದು ಸೂಕ್ಷ್ಮ ಇದೆ. ಹಳೇ ಇಂಜಿನಿಯರುಗಳು 'ಒಂದು ಅಡಿಗೆ ಎಂಟನೇ ಒಂದು ಇಂಚು' ಅನ್ನುತ್ತಾರಲ್ಲ, ಅದು 1:96. ಅದನ್ನು ಸುಮ್ನೆ 1:100 ಅಂತ ಬರೆದುಬಿಡುವವರು ಬೇಕಾದಷ್ಟು ಜನ. 30 ಅಡಿ 1:100ರಲ್ಲಿ 91.44 ಮಿಮೀ, 1:96ರಲ್ಲಿ 95.25 ಮಿಮೀ. ನಾಲ್ಕು ಮಿಮೀಯೂ ಇಲ್ಲ, ಏನು ಮಹಾ ಅನ್ನಿಸಬಹುದು. ಆದರೆ 1:96ರ ಪ್ರಿಂಟನ್ನು 1:100ರ ಸ್ಕೇಲಿಟ್ಟು ಅಳೆದರೆ 30 ಅಡಿ ಗೋಡೆ 31 ಅಡಿ 3 ಇಂಚು ಬರುತ್ತದೆ. ಸೈಟಿನ ಅಂಚಿನಲ್ಲಿ ಬಿಡಬೇಕಾದ ಜಾಗದ ಲೆಕ್ಕದಲ್ಲಿ ಈ ಒಂದೂಕಾಲು ಅಡಿ ಜಗಳಕ್ಕೆ ಸಾಕು.

ಇಷ್ಟೆಲ್ಲ ಸರಿಮಾಡಿ ಪಿಡಿಎಫ್ ತೆಗೆದು ಅಂಗಡಿಗೆ ಕಳಿಸುತ್ತೀರಿ. ಅಲ್ಲಿ ಹುಡುಗ ಫೈಲ್ ತೆರೆದು ಪ್ರಿಂಟ್ ಒತ್ತುತ್ತಾನೆ. ಪಿಡಿಎಫ್ ತೆರೆಯುವ ತಂತ್ರಾಂಶದಲ್ಲಿ 'ಫಿಟ್' ಆಯ್ಕೆಯಾಗಿದ್ದರೆ ಅಂಚು ಬಿಡಲು ಅದು ಸ್ವಲ್ಪ ಕುಗ್ಗಿಸುತ್ತದೆ. ಎ4 ಪುಟವನ್ನು ಲೆಟರ್ ಕಾಗದ (ಅಮೆರಿಕದ ಅಳತೆಯದು) ಅಂತ ಸೆಟ್ ಆಗಿರುವ ಪ್ರಿಂಟರಿಗೆ ಕೊಟ್ಟರೆ ಇನ್ನೂ ಜಾಸ್ತಿ. ಎ4 ಉದ್ದ 297 ಮಿಮೀ, ಲೆಟರ್ ಉದ್ದ 279.4 ಮಿಮೀ, ಅಂದರೆ ಕನಿಷ್ಠ ಆರು ಶೇಕಡಾ ಖೋತಾ. ಇದರಲ್ಲಿ ಲಿಬ್ರೆಕ್ಯಾಡ್‌ನದು ಏನೂ ಇಲ್ಲ, ಆದರೂ ಬೈಗುಳ ಅದಕ್ಕೇ ಬೀಳುತ್ತದೆ. 'ಆಕ್ಚುವಲ್ ಸೈಜ್' ಅಂತ ಬಾಯಲ್ಲಿ ಹೇಳಿ, ಫೈಲ್ ಹೆಸರಿನಲ್ಲೂ ಬರೆಯಿರಿ. ಜೊತೆಗೆ ಪ್ರತಿ ಹಾಳೆಯ ಕೆಳಗೆ 30 ಅಡಿಯ ಒಂದು ಗೆರೆ ಎಳೆದು 'ಈ ಗೆರೆ 30 ಅಡಿ' ಅಂತ ಬರೆದಿಡಿ. ಅಂಗಡಿಯಲ್ಲೇ ಸ್ಟೀಲ್ ಸ್ಕೇಲಿಟ್ಟು ನೋಡಿ, 91 ಮಿಮೀ ಚಿಲ್ಲರೆ ಬಂದರೆ ದುಡ್ಡು ಕೊಡಿ. ಮುಂದೆ ಯಾರಾದರೂ ಜೆರಾಕ್ಸ್‌ನಲ್ಲಿ ಕುಗ್ಗಿಸಿದರೂ ಗೆರೆಯೂ ಜೊತೆಗೇ ಕುಗ್ಗುತ್ತದೆ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಶೀರ್ಷಿಕೆ ಪಟ್ಟಿಯಲ್ಲಿ ಬರೆದ 1:100 ಮಾತ್ರ ಹಾಗೇ ಇದ್ದು ಸುಳ್ಳಾಗುತ್ತದೆ.

ಕುಗ್ಗಿಸಲೇಬೇಕು ಅಂದರೆ ಎ1ರಿಂದ ಎ3ಗೆ ಇಳಿಸಿ. 594×841 ಇದ್ದದ್ದು 297×420, ಸರಿಯಾಗಿ ಅರ್ಧ. 1:100 ಇದ್ದದ್ದು 1:200 ಆಗುತ್ತದೆ, ಅಳೆಯಬಹುದು. ಎ2ರಿಂದ ಎ3ಗೆ ಇಳಿಸಿದರೆ 1:141, ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ? ಇನ್ನು 24×36 ಇಂಚಿನ ಹಾಳೆಯನ್ನು ಎ1 ಅಂತಲೇ ಕರೆಯುವ ಅಂಗಡಿಗಳಿವೆ. ಅದು 610×914, ಎ1ಗಿಂತ ದೊಡ್ಡದು. 'ಫಿಟ್' ಕೊಟ್ಟರೆ ಈ ಸಲ ಹಿಗ್ಗುತ್ತದೆ. ಮನೆಯಲ್ಲಿ ಎ4 ಪ್ರಿಂಟರ್ ಮಾತ್ರ ಇದ್ದರೆ 2.2 ಆವೃತ್ತಿಯಲ್ಲಿ ಒಂದು ಡ್ರಾಯಿಂಗನ್ನು ಹಲವು ಹಾಳೆಗಳಿಗೆ ಹಂಚಿ ಪ್ರಿಂಟ್ ತೆಗೆಯಬಹುದು. ಅಂಟಿಸುವ ತಾಳ್ಮೆ ಇದ್ದವರಿಗೆ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗೊತ್ತಿದ್ದರೆ ಬಗೆಹರಿಯುವ ತೊಂದರೆಗಳು. ಬಗೆಹರಿಯದ್ದು ಒಂದಿದೆ. ಲಿಬ್ರೆಕ್ಯಾಡ್‌ನಲ್ಲಿ ಪೇಪರ್ ಸ್ಪೇಸ್ ಇಲ್ಲ. ಆಟೋಕ್ಯಾಡ್‌ನ ಲೇಔಟ್ ಪುಟದಲ್ಲಿ ಒಂದೇ ಹಾಳೆಯ ಮೇಲೆ ಒಂದು ಕಿಟಕಿಯಲ್ಲಿ 1:100ರ ಪ್ಲಾನು, ಪಕ್ಕದ ಕಿಟಕಿಯಲ್ಲಿ 1:20ರ ಮೆಟ್ಟಿಲಿನ ವಿವರ ಇಡಬಹುದು. ಇಲ್ಲಿ ಹಾಳೆಗೆ ಒಂದೇ ಸ್ಕೇಲು. ಮೆಟ್ಟಿಲನ್ನು ನಕಲು ಮಾಡಿ ಐದು ಪಟ್ಟು ಹಿಗ್ಗಿಸಿ ಪಕ್ಕದಲ್ಲಿ ಇಡಬಹುದು ನಿಜ, ಆದರೆ ಅದಕ್ಕೆ ಡೈಮೆನ್ಷನ್ ಹಾಕಿದರೆ 10 ಇಂಚಿನ ಮೆಟ್ಟಿಲು 50 ಇಂಚು ಅಂತ ಬರುತ್ತದೆ. ಲೆಂತ್ ಫ್ಯಾಕ್ಟರ್ 0.2 ಮಾಡಿದರೆ ಮೆಟ್ಟಿಲು ಸರಿಹೋಗುತ್ತದೆ, ಪ್ಲಾನಿನ 30 ಅಡಿ 6 ಅಡಿ ಆಗುತ್ತದೆ! ನಾನು ಬಳಸುವ 2.2ರಲ್ಲಿ ಈ ಸಂಖ್ಯೆ ಇಡೀ ಫೈಲಿಗೆ ಒಂದೇ. ಮೀಟರ್ ಪ್ರತಿ ತೆಗೆಯುವಾಗ ಇದೇ ಗುಣ ಅನುಕೂಲವಾಗಿತ್ತು, ಇಲ್ಲಿ ಕೈಕೊಡುತ್ತದೆ. ಹಾಗಾಗಿ ವಿವರಗಳಿಗೆ ಬೇರೆ ಫೈಲು, ಬೇರೆ ಹಾಳೆ. ಒಂದೇ ಹಾಳೆಯಲ್ಲಿ ಎಲ್ಲ ಬೇಕು ಅನ್ನುವ ಗಿರಾಕಿಗಳೇ ನಿಮಗೆ ಜಾಸ್ತಿ ಇದ್ದರೆ ಬೇರೆ ತಂತ್ರಾಂಶ ನೋಡಿಕೊಳ್ಳುವುದೇ ವಾಸಿ, ಇದರಲ್ಲಿ ಮೊಂಡುತನ ಬೇಡ.

ಆ ಇಕ್ಕಟ್ಟಿಗೆ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ, ಡೈಮೆನ್ಷನ್ ಮೇಲೆ ಕೈಯಾರೆ ಸಂಖ್ಯೆ ಟೈಪ್ ಮಾಡುವುದು. ದಯವಿಟ್ಟು ಬೇಡ. ಟೈಪ್ ಮಾಡಿದ 10'-0" ಗೋಡೆ ಜರುಗಿದರೂ 10'-0" ಆಗಿಯೇ ಇರುತ್ತದೆ, ಮೇಸ್ತ್ರಿ ಅದನ್ನೇ ನಂಬಿ ದಾರ ಕಟ್ಟುತ್ತಾರೆ. ಬೇರೆಯವರಿಂದ ಬಂದ ಡ್ರಾಯಿಂಗ್‌ನಲ್ಲಿ ಒಳಗಿನ ಕೋಣೆಗಳ ಅಳತೆ, ಗೋಡೆಗಳ ದಪ್ಪ ಎಲ್ಲ ಕೂಡಿಸಿದರೂ ಹೊರಗಿನ ಒಟ್ಟು ಅಳತೆಗೆ ತಾಳೆ ಆಗದಿದ್ದರೆ ನಾನು ಮೊದಲು ಹುಡುಕುವುದು ಇದನ್ನೇ. ಡೈಮೆನ್ಷನ್‌ನ ಪ್ರಾಪರ್ಟೀಸ್ ತೆರೆದು ಲೇಬಲ್ ಜಾಗದಲ್ಲಿ ಇರುವ ಸಂಖ್ಯೆ ಅಳಿಸಿ ಖಾಲಿ ಬಿಟ್ಟರೆ ನಿಜವಾದ ಅಳತೆ ಹೊರಗೆ ಬರುತ್ತದೆ. ಕೆಲವೊಮ್ಮೆ ನೋಡೋಕೆ ಭಯವಾಗುವಷ್ಟು ವ್ಯತ್ಯಾಸ.

ಹ್ಯಾಚ್, ಅಂದರೆ ಗೋಡೆಯಂಥ ಜಾಗದೊಳಗೆ ಓರೆ ಗೆರೆ ತುಂಬುವುದು, ಅದರ ವಿಷಯ ಚಿಕ್ಕದು. ಮಿಮೀ ಡ್ರಾಯಿಂಗ್‌ನಲ್ಲಿ ಹ್ಯಾಚ್ ಸ್ಕೇಲ್ 1 ಅಂತ ಬಿಟ್ಟರೆ ಗೆರೆಗಳು ಒತ್ತೊತ್ತಾಗಿ ಕರಿ ಬಳಿದಂತಾಗುತ್ತದೆ, ಇಲ್ಲವೇ ತಂತ್ರಾಂಶ ಆಗಲ್ಲ ಅಂತ ಕೈ ಚೆಲ್ಲುತ್ತದೆ. ಸ್ಕೇಲ್ ನಂಬರನ್ನು ನೂರರ ಆಸುಪಾಸಿಗೆ ಏರಿಸಿ ನೋಡಿ.

ಆಟೋಕ್ಯಾಡ್ ಇರುವ ಇಂಜಿನಿಯರಿಗೆ ಫೈಲ್ ಕಳಿಸುವಾಗ ನಾನು ಡಿಎಕ್ಸ್‌ಎಫ್ 2007ರಲ್ಲಿ ಉಳಿಸಿ, ಫೈಲ್ ಹೆಸರಿನ ಕೊನೆಗೆ 'ಇಂಚು' ಅಂತ ಸೇರಿಸುತ್ತೇನೆ. ಜೊತೆಗೆ ಒಂದು ಸಾಲಿನ ಮೆಸೇಜು: "ಮುಂಬಾಗಿಲು 42 ಬರಬೇಕು ಸರ್, ಅಳೆದು ನೋಡಿ ಆಮೇಲೆ ಕೆಲಸ ಶುರು ಮಾಡಿ." ಅವರು ಅಳೆದು "42 ಬಂತು" ಅಂತ ವಾಪಸ್ ಹಾಕುವವರೆಗೆ ಆ ಕೆಲಸ ನನ್ನ ಪಟ್ಟಿಯಲ್ಲಿ ಬಾಕಿ ಅಂತಲೇ ಇರುತ್ತದೆ.