ದುಬೈನಲ್ಲಿ ಉದ್ಯೋಗ ವೀಸಾ ರದ್ದತಿ: ಟೈಪಿಂಗ್ ಸೆಂಟರ್ ಸೇವೆಯ ಒಂದು ವಿಮರ್ಶೆ

ದುಬೈನ ಖಾಸಗಿ ಕಂಪನಿಯೊಂದರ ಕೆಲಸಕ್ಕೆ ರಾಜೀನಾಮೆ ಕೊಟ್ಟ ಬಳಿಕ ನನ್ನ ವೀಸಾ ರದ್ದತಿಯ ಕಾಗದಪತ್ರಗಳೆಲ್ಲ ದೇರಾ ಭಾಗದ ಒಂದು ಟೈಪಿಂಗ್ ಸೆಂಟರ್, ಅಂದರೆ ಸರ್ಕಾರಿ ಅರ್ಜಿಗಳನ್ನು ತುಂಬಿ ಸಲ್ಲಿಸಿಕೊಡುವ ಕಚೇರಿಯ ಮೂಲಕ ನಡೆದವು. ಯುಎಇಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬೇಕಾಗುವ ಸೇವೆ ಇದು. ಆದರೂ ಅದು ಯಾವ ಕೆಲಸವನ್ನು ಮಾಡಿಕೊಡುತ್ತದೆ, ಯಾವುದನ್ನು ನಮ್ಮ ಪಾಲಿಗೇ ಬಿಡುತ್ತದೆ ಎಂಬುದನ್ನು ತಿಳಿದುಕೊಂಡು ಕೌಂಟರಿನ ಮುಂದೆ ಕೂರುವವರು ವಿರಳ. ಅರ್ಜಿ ತುಂಬಿ ಸಲ್ಲಿಸುವ ಮಟ್ಟಿಗೆ ನನಗೆ ಸಿಕ್ಕ ಸೇವೆ ಚೊಕ್ಕವಾಗಿತ್ತು. ಕೆಲಸ ಬಿಡುವವರಿಗೆ ಬರಬೇಕಾದ ಹಣದ ವಿಷಯದಲ್ಲಿ ಮಾತ್ರ ಅದು ಏನನ್ನೂ ಕೇಳಲಿಲ್ಲ, ಏನನ್ನೂ ಹೇಳಲಿಲ್ಲ.

ಮೊದಲು ಕ್ರಮವನ್ನು ಹೇಳಿಬಿಡುತ್ತೇನೆ. ಇಲ್ಲಿ ವೀಸಾ ರದ್ದತಿಗೆ ಅರ್ಜಿ ಹಾಕುವುದು ಕಂಪನಿಯೇ ಹೊರತು ನೌಕರರಲ್ಲ. ಸಾಮಾನ್ಯವಾಗಿ ಕಂಪನಿಯ ಪಿಆರ್‌ಒ, ಅಂದರೆ ಸರ್ಕಾರಿ ಕಾಗದಪತ್ರಗಳ ಓಡಾಟಕ್ಕೆಂದೇ ಇರುವ ಸಿಬ್ಬಂದಿ, ಈ ಕೆಲಸ ನೋಡಿಕೊಳ್ಳುತ್ತಾರೆ. ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯದಲ್ಲಿ ಲೇಬರ್ ಕಾರ್ಡ್, ಅಂದರೆ ಕೆಲಸದ ಪರವಾನಗಿ, ಮೊದಲು ರದ್ದಾಗಬೇಕು. ಆಮೇಲೆ ವಾಸದ ವೀಸಾದ ಸರದಿ. ದುಬೈ ವೀಸಾ ಆದರೆ ಅದು ದುಬೈನ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎಗೆ, ಉಳಿದ ಎಮಿರೇಟ್‌ಗಳದಾದರೆ (ಯುಎಇಯ ಇತರ ಸಂಸ್ಥಾನಗಳದಾದರೆ) ಒಕ್ಕೂಟ ಸರ್ಕಾರದ ಗುರುತು ಮತ್ತು ವಲಸೆ ಪ್ರಾಧಿಕಾರವಾದ ಐಸಿಪಿಗೆ ಹೋಗುತ್ತದೆ. ಫ್ರೀ ಝೋನ್ ಎಂಬ ಪ್ರತ್ಯೇಕ ನಿಯಮಗಳ ವಾಣಿಜ್ಯ ವಲಯಗಳಲ್ಲಿರುವ ಕಂಪನಿಗಳಿಗೆ ಆಯಾ ಝೋನ್ ಪ್ರಾಧಿಕಾರದ ದಾರಿಯೇ ಬೇರೆ. ಹೆಂಡತಿ, ಗಂಡ ಅಥವಾ ಮಕ್ಕಳ ವೀಸಾ ನಮ್ಮ ಹೆಸರಿನ ಮೇಲಿದ್ದರೆ ಅವರ ವೀಸಾವನ್ನು ಮೊದಲು ರದ್ದು ಮಾಡಬೇಕು ಅಥವಾ ತಡೆಹಿಡಿಯುವ ವ್ಯವಸ್ಥೆ ಮಾಡಿಸಬೇಕು. ಅದಿಲ್ಲದೆ ನಮ್ಮ ಕಡತ ಮುಂದೆ ಸರಿಯುವುದಿಲ್ಲ. ಕುಟುಂಬವಿದ್ದವರು ಶಾಲೆಯ ಅವಧಿ, ಮನೆ ಬಾಡಿಗೆಯ ಕರಾರು ಎಲ್ಲವನ್ನೂ ಈ ಒಂದು ನಿಯಮದ ಸುತ್ತಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಈ ಭಾಗದಲ್ಲಿ ಸೆಂಟರಿನ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಟೋಕನ್ ಪಡೆದು ಹೆಚ್ಚು ಕಾಯಬೇಕಾಗಲಿಲ್ಲ. ಅರಬಿಯಲ್ಲಿ ತುಂಬಬೇಕಾದ ವಿವರಗಳನ್ನು ಅಲ್ಲಿಯ ಸಿಬ್ಬಂದಿ ತಪ್ಪಿಲ್ಲದೆ ತುಂಬಿದರು, ಪಾಸ್‌ಪೋರ್ಟ್ ಸಂಖ್ಯೆಯನ್ನು ಮತ್ತೊಮ್ಮೆ ಓದಿ ಖಚಿತಪಡಿಸಿಕೊಂಡರು, ಎಮಿರೇಟ್ಸ್ ಐಡಿಯಲ್ಲಿ (ಅಲ್ಲಿಯ ಸರ್ಕಾರಿ ಗುರುತಿನ ಚೀಟಿಯಲ್ಲಿ) ಇರುವ ಹೆಸರಿನ ಕಾಗುಣಿತಕ್ಕೂ ಪಾಸ್‌ಪೋರ್ಟ್‌ನಲ್ಲಿರುವುದಕ್ಕೂ ವ್ಯತ್ಯಾಸವಿದೆಯೇ ಎಂದು ಕೇಳದೆಯೇ ನೋಡಿದರು. ಪಾಸ್‌ಪೋರ್ಟ್‌ನಲ್ಲಿ ವಾಸದ ವೀಸಾ ಚೀಟಿ ಅಂಟಿಸುವ ಪದ್ಧತಿ 2022ರಲ್ಲಿ ನಿಂತುಹೋದ ಕಾರಣ, ಹಳೆಯ ಕಾಲದಂತೆ ಪಾಸ್‌ಪೋರ್ಟ್ ಒಪ್ಪಿಸಿ ಅದರ ಮೇಲೆ ರದ್ದತಿಯ ಮುದ್ರೆ ಬೀಳುವವರೆಗೆ ಕಾಯುವ ತಾಪತ್ರಯವೂ ಈಗ ಇಲ್ಲ. ಪಾಸ್‌ಪೋರ್ಟ್ ಮುಂತಾದ ಅಧಿಕೃತ ದಾಖಲೆಗಳನ್ನು ಕಂಪನಿ ತನ್ನ ಬಳಿ ಹಿಡಿದಿಟ್ಟುಕೊಳ್ಳುವುದನ್ನು ಅಲ್ಲಿನ ಕಾರ್ಮಿಕ ಕಾನೂನು ನಿಷೇಧಿಸಿದೆ ಎಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ನೆನಪಿಸಬೇಕು, ಏಕೆಂದರೆ ರದ್ದತಿಯ ನೆಪ ಹೇಳಿ ಪಾಸ್‌ಪೋರ್ಟ್ ಇಸಿದುಕೊಳ್ಳುವ ಅಭ್ಯಾಸ ಕೆಲವೆಡೆ ಇನ್ನೂ ಅಳಿದಿಲ್ಲ.

ನನ್ನ ಆಕ್ಷೇಪ ಇರುವುದು ಸಹಿಯ ಹಂತದ ಬಗ್ಗೆ. ಲೇಬರ್ ಕಾರ್ಡ್ ರದ್ದತಿಯ ಅರ್ಜಿಗೆ ನೌಕರರ ಸಹಿ ಬೇಕು. ಆ ಕಾಗದದಲ್ಲಿ, ಕಂಪನಿಯಿಂದ ತನಗೆ ಬರಬೇಕಾದ ಎಲ್ಲ ಬಾಕಿಯೂ ಸಂದಾಯವಾಗಿದೆ ಎಂದು ನೌಕರರು ಒಪ್ಪಿಕೊಳ್ಳುವ ವಾಕ್ಯವಿರುತ್ತದೆ. ನನ್ನ ಮುಂದೆ ಇಟ್ಟ ಪ್ರತಿಯಲ್ಲಿ ಎಷ್ಟು ಹಣ, ಯಾವ ಲೆಕ್ಕದಲ್ಲಿ, ಯಾವ ದಿನ ಸಂದಿತು ಎಂಬ ವಿವರ ಯಾವುದೂ ಇರಲಿಲ್ಲ. ಸಿಬ್ಬಂದಿ ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಮಾಡಿ ಕಾಗದವನ್ನು ನನ್ನತ್ತ ತಿರುಗಿಸಿದರು, ಅಷ್ಟೇ. ವಾಕ್ಯದ ಅರ್ಥವನ್ನು ವಿವರಿಸುವುದು ತಮ್ಮ ಕೆಲಸ ಎಂದು ಅವರಿಗೆ ಅನ್ನಿಸಿರಲಿಲ್ಲ. ಅವರಿಗೆ ಹಣ ಕೊಡುವುದು ಕಂಪನಿ, ಹೀಗಾಗಿ ಅವರ ಗ್ರಾಹಕ ಕಂಪನಿಯೇ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ವರ್ಷಗಳ ದುಡಿಮೆಯ ಲೆಕ್ಕ ಮುಗಿಯುವ ಕಾಗದವನ್ನು, ಓದು ಬರಹ ಹೆಚ್ಚು ಬಾರದ ಕಟ್ಟಡ ಕಾರ್ಮಿಕರ ಮುಂದೆಯೂ ಇದೇ ರೀತಿ ತಿರುಗಿಸಿ ಇಡಲಾಗುತ್ತದೆಂದು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಒಂದೇ ಒಂದು ಪ್ರಶ್ನೆ, ‘ನಿಮ್ಮ ಲೆಕ್ಕ ಚುಕ್ತಾ ಆಗಿದೆಯೇ?’ ಎಂದು ಕೇಳುವ ರೂಢಿಯನ್ನು ಈ ಸೆಂಟರ್‌ಗಳು ಬೆಳೆಸಿಕೊಂಡರೆ ಎಷ್ಟೋ ಜನರ ಹಣ ಉಳಿಯುತ್ತದೆ.

ಆ ಪ್ರಶ್ನೆಯನ್ನು ಅವರು ಕೇಳದಿದ್ದರೆ ನಾವೇ ಕೇಳಿಕೊಳ್ಳಬೇಕು, ಅದಕ್ಕೆ ಲೆಕ್ಕ ಗೊತ್ತಿರಬೇಕು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನ ಪ್ರಕಾರ, ಕನಿಷ್ಠ ಒಂದು ವರ್ಷ ಪೂರೈಸಿದ ನೌಕರರಿಗೆ ಮೊದಲ 5 ವರ್ಷಗಳ ಮಟ್ಟಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆ ನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಗ್ರಾಚುಯಿಟಿಯಾಗಿ, ಅಂದರೆ ಕೆಲಸ ಬಿಡುವಾಗಿನ ಸೇವಾ ಹಣವಾಗಿ, ಸಲ್ಲಬೇಕು. ಒಟ್ಟು ಮೊತ್ತ 2 ವರ್ಷಗಳ ವೇತನವನ್ನು ಮೀರುವಂತಿಲ್ಲ. ಮೂಲ ವೇತನ 5,000 ದಿರ್ಹಮ್ ಇರುವವರು 4 ವರ್ಷ ದುಡಿದಿದ್ದರೆ ಅವರಿಗೆ ಬರಬೇಕಾದದ್ದು 14,000 ದಿರ್ಹಮ್. ವಸತಿ, ಸಾರಿಗೆ ಮುಂತಾದ ಭತ್ಯೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಕರಾರಿನಲ್ಲಿ ಮೂಲ ವೇತನ ಎಷ್ಟೆಂದು ನಮೂದಾಗಿದೆ ಎಂಬುದೇ ಮುಖ್ಯ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಗ್ರಾಚುಯಿಟಿ ಕಡಿತವಾಗುತ್ತದೆ ಎಂಬ ಮಾತು ಈಗಲೂ ಕಾರ್ಮಿಕರ ವಸತಿಗಳಲ್ಲಿ ಕೇಳಿಬರುತ್ತದೆ. ಅದು ಹಳೆಯ ಕಾನೂನಿನ ಕಾಲದ ಮಾತು, ಈಗಿನ ಕಾನೂನಿನಲ್ಲಿ ಆ ಕಡಿತ ಇಲ್ಲ. ಬಳಸದೆ ಉಳಿದ ವಾರ್ಷಿಕ ರಜೆಯ ಹಣವೂ ಇದರೊಂದಿಗೆ ಬರಬೇಕು. ಕರಾರು ಮುಗಿದ ದಿನದಿಂದ 14 ದಿನಗಳೊಳಗೆ ಎಲ್ಲ ಬಾಕಿಯನ್ನೂ ಪಾವತಿಸುವುದು ಕಂಪನಿಯ ಹೊಣೆ. ಅನುಭವ ಪತ್ರವನ್ನು ಶುಲ್ಕವಿಲ್ಲದೆ ಕೊಡುವುದೂ ಅದರ ಹೊಣೆಯೇ.

ನನ್ನ ಪ್ರಕರಣದಲ್ಲಿ ಪಿಆರ್‌ಒ ಮೊದಲು ಸಹಿ, ಆಮೇಲೆ ಹಣ ಎಂದರು. ಬ್ಯಾಂಕ್ ಖಾತೆಗೆ ಹಣ ಜಮಾ ಆದ ಮೇಲೆ ಸಹಿ ಹಾಕುತ್ತೇನೆ, ಇಲ್ಲವಾದರೆ ಮೊತ್ತವನ್ನೂ ಪಾವತಿಯ ದಿನವನ್ನೂ ಕಂಪನಿಯ ಮುದ್ರೆಯಿರುವ ಪತ್ರದಲ್ಲಿ ಬರೆದುಕೊಡಿ ಎಂದು ಕೇಳಿದೆ. ಅವರು ಸ್ವಲ್ಪ ಗೊಣಗಿದರೂ ಪತ್ರ ಬಂತು, ಹಣವೂ ಹೇಳಿದ ದಿನಕ್ಕೆ ಬಂತು. ಪಿಆರ್‌ಒಗಳಿಗೆ ಇಂಥ ಕೋರಿಕೆ ಹೊಸದೇನಲ್ಲ. ಗೌರವದಿಂದ, ಆದರೆ ಗಟ್ಟಿಯಾಗಿ ಕೇಳಬೇಕು. ಒಪ್ಪದ ಕಂಪನಿಯ ವಿರುದ್ಧ ಸಚಿವಾಲಯಕ್ಕೆ ದೂರು ಕೊಡಬಹುದು. 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ವ್ಯಾಜ್ಯಗಳನ್ನು ಸಚಿವಾಲಯವೇ ತೀರ್ಮಾನಿಸುವ ಅಧಿಕಾರ ಪಡೆದಿರುವುದರಿಂದ ಸಣ್ಣ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದ ಸಂದರ್ಭಗಳು ಕಡಿಮೆಯಾಗಿವೆ. ಭಾರತೀಯರು ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಉಚಿತವಾಗಿ ಕಾನೂನು ಸಲಹೆ ಪಡೆಯಬಹುದು. ಸಿಟ್ಟಿನಿಂದ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುವುದು ಮಾತ್ರ ಸಲ್ಲದು. ಸತತ 7 ದಿನಗಳಿಗೂ ಹೆಚ್ಚು ಕಾಲ ತಿಳಿಸದೆ ಗೈರಾದರೆ ಕಂಪನಿ ನೌಕರರ ಮೇಲೆ ದೂರು ದಾಖಲಿಸಬಹುದು, ಆಗ ನ್ಯಾಯವಾದ ಬೇಡಿಕೆಯೂ ಇಕ್ಕಟ್ಟಿಗೆ ಸಿಲುಕುತ್ತದೆ.

ರದ್ದತಿ ಪತ್ರ ಕೈಗೆ ಬಂದ ಬಳಿಕ ಸೆಂಟರಿನವರು ಮಾಡಿದ ಒಂದು ಉಪಕಾರವನ್ನು ಮರೆಯುವಂತಿಲ್ಲ. ದೇಶ ಬಿಡಬೇಕಾದ ಅಥವಾ ಹೊಸ ವೀಸಾಕ್ಕೆ ಬದಲಾಗಬೇಕಾದ ಕೊನೆಯ ದಿನಾಂಕದ ಕೆಳಗೆ ಗೆರೆ ಎಳೆದು, ಅದನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಲು ಹೇಳಿದರು. ಹಿಂದೆ ಸಾಮಾನ್ಯವಾಗಿ 30 ದಿನ ಇದ್ದ ಈ ಅವಧಿ 2022ರ ಅಕ್ಟೋಬರ್‌ನಲ್ಲಿ ಬಂದ ಸುಧಾರಣೆಯಿಂದ ವೀಸಾದ ವರ್ಗಕ್ಕೆ ತಕ್ಕಂತೆ 180 ದಿನಗಳವರೆಗೂ ಹಿಗ್ಗಿದೆ. ಆದ್ದರಿಂದ ಗೆಳೆಯರ ಅವಧಿಯನ್ನು ತಮ್ಮದೆಂದು ನಂಬದೆ ತಮ್ಮ ಪತ್ರದಲ್ಲಿರುವ ದಿನಾಂಕವನ್ನೇ ನೋಡಬೇಕು. ಅದನ್ನು ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಬೀಳುತ್ತದೆ.

ಬ್ಯಾಂಕಿನ ವಿಷಯದಲ್ಲಿ ಯಾರೂ ಎಚ್ಚರಿಸುವುದಿಲ್ಲ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇರುವವರ ಕೊನೆಯ ಲೆಕ್ಕದ ಹಣ ಖಾತೆಗೆ ಬೀಳುತ್ತಲೇ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಹಾಗಾಗಿ ರದ್ದತಿಗೆ ಮುಂಚೆಯೇ ಬ್ಯಾಂಕಿನವರೊಡನೆ ಮಾತಾಡಿ, ಸಾಲ ತೀರಿದ್ದರೆ ಬಾಕಿ ಇಲ್ಲವೆಂಬ ಪತ್ರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಒಟಿಪಿ ಬರುವ ಮೊಬೈಲ್ ಸಂಖ್ಯೆಯನ್ನು ಎಲ್ಲ ಹಣ ಕೈಸೇರುವವರೆಗೆ ನಿಲ್ಲಿಸಬಾರದು.

ಕೆಲಸದಿಂದ ತೆಗೆಯಲ್ಪಟ್ಟವರಿಗೆ ಇನ್ನೊಂದು ಮಾತು. 2023ರಲ್ಲಿ ಆರಂಭವಾದ ನಿರುದ್ಯೋಗ ವಿಮೆಗೆ ಸತತ 12 ತಿಂಗಳು ಕಂತು ಕಟ್ಟಿದವರು ಮೂಲ ವೇತನದ ಶೇ. 60ರಷ್ಟನ್ನು ಗರಿಷ್ಠ 3 ತಿಂಗಳವರೆಗೆ ಪಡೆಯಬಹುದು, ಆದರೆ ಅರ್ಜಿಯನ್ನು 30 ದಿನಗಳೊಳಗೆ ಹಾಕಬೇಕು. ನನ್ನಂತೆ ರಾಜೀನಾಮೆ ಕೊಟ್ಟವರಿಗೆ ಅದು ಸಿಗುವುದಿಲ್ಲ, ಶಿಸ್ತುಕ್ರಮದಿಂದ ಕೆಲಸ ಕಳೆದುಕೊಂಡವರಿಗೂ ಇಲ್ಲ.

ಐದಕ್ಕೆ ಅಂಕ ಕೊಡುವುದಾದರೆ ನಾನು ಈ ಸೇವೆಗೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿಯಾಗಿ ಆ ಸಹಿಯ ಹಂತದ್ದು. ಪಿಆರ್‌ಒ ಕಾಗದವನ್ನು ಕಚೇರಿಗೇ ತಂದುಕೊಡುತ್ತೇನೆಂದು ಹೇಳಿದರೂ, ಸಾಧ್ಯವಾದಷ್ಟು ಮಟ್ಟಿಗೆ ನೀವೇ ಕೌಂಟರಿಗೆ ಹೋಗಿ, ಅರಬಿ ಓದಬಲ್ಲ ಒಬ್ಬ ಸ್ನೇಹಿತರನ್ನು ಜೊತೆಗೆ ಕರೆದೊಯ್ಯಿರಿ. ಸಹಿ ಹಾಕಿದ ಪ್ರತಿಯೊಂದು ಹಾಳೆಯ ನಕಲನ್ನೂ ಅಲ್ಲೇ ಕೇಳಿ ಪಡೆಯಿರಿ. ನನಗೆ ಕೊಡಲು ಅವರು ಒಂದು ಕ್ಷಣವೂ ಹಿಂಜರಿಯಲಿಲ್ಲ.